ಕೊಂಡವಾಡ: ಬಾಗಲಕೋಟೆ ಸೀಮೆಯಲ್ಲಿ ಬಿಟ್ಟ ಪ್ರಾಣಿ ಮತ್ತು ಒಡೆಯನ ಹೊಣೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಸೀಮೆಯ ಹಳ್ಳಿಗಳಲ್ಲಿ, ಪರರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ತಂದು ಕೂಡಿಹಾಕಿ, ಮೇವು ನೀರು ಕೊಟ್ಟು, ಅದು ಯಾರದೆಂದು ವಿಚಾರಿಸಿ, ದಂಡ ಕಟ್ಟಿಸಿಕೊಂಡು ಬಿಟ್ಟುಕೊಡುವ ಸ್ಥಳಕ್ಕೆ ಕೊಂಡವಾಡ ಎಂದು ಹೆಸರು. ಹಳೆಯ ಮೈಸೂರಿನ ಕಡೆ ದೊಡ್ಡಿ ಎನ್ನುವುದನ್ನೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಜನ ಮರಾಠಿ ಆಡಳಿತದ ಬಳಕೆಯಿಂದ ಬಂದ ಈ ಹೆಸರಿನಲ್ಲಿ ಕರೆದರು. ಚಾವಡಿಯ ಹತ್ತಿರವೋ ಊರ ಅಂಚಿನಲ್ಲೋ ಒರಟು ಕಲ್ಲಿನ ನಾಲ್ಕು ಗೋಡೆ, ಒಂದೇ ಬಾಗಿಲು, ಒಳಗೆ ನೀರಿಗೊಂದು ಕಲ್ಲಿನ ಬಾನಿ ಇಷ್ಟರಲ್ಲೇ ಮುಗಿಯುವ ಈ ಕಟ್ಟಡವನ್ನು ಇತಿಹಾಸದ ಪುಸ್ತಕಗಳು ಲೆಕ್ಕಕ್ಕೆ ಹಿಡಿದಿರುವುದು ಅಪರೂಪ. ಆದರೆ ಬಿಟ್ಟ ಪ್ರಾಣಿಯ ಮಟ್ಟಿಗೆ ಯಾರು ಜವಾಬುದಾರರು ಎಂಬ ಪ್ರಶ್ನೆಯನ್ನು ಬರೆದಿಟ್ಟ ನಿಯಮಗಳ ಮೂಲಕ ಈ ಸೀಮೆಯ ಪ್ರತಿ ಊರಿನ ಮುಂದೆ ಇಟ್ಟದ್ದು ಕೊಂಡವಾಡವೇ ಆದ್ದರಿಂದ, ಇಂದು ಪ್ರಾಣಿ ಆಶ್ರಯ ಕೇಂದ್ರ ಮತ್ತು ಸಾಕುಪ್ರಾಣಿ ಒಡೆತನದ ಹೊಣೆಗಾರಿಕೆ ಎಂದು ಚರ್ಚೆಯಾಗುತ್ತಿರುವ ಸಂಗತಿಗಳ ಸ್ಥಳೀಯ ಚರಿತ್ರೆ ಅದರ ಬಾಗಿಲಿನಿಂದಲೇ ಆರಂಭವಾಗಬೇಕಾಗುತ್ತದೆ.

ಕೊಂಡವಾಡ ಬರುವ ಮೊದಲು ಹೊಣೆಯೇ ಇರಲಿಲ್ಲವೆಂದು ಇದರ ಅರ್ಥವಾಗದು. ಈ ಭಾಗದ ಹಳೆಯ ಮಾಳಿಗೆ ಮನೆಗಳ ರಚನೆಯನ್ನು ನೋಡಿದರೆ, ತಲೆಬಾಗಿಲನ್ನು ದಾಟಿದ ಕೂಡಲೇ ಸಿಗುವ ತಗ್ಗಿನ ಅಂಕಣವು ಎತ್ತು, ಆಕಳು, ಎಮ್ಮೆಗಳಿಗೆ ಮೀಸಲಾಗಿದ್ದು, ಅಲ್ಲಿ ಗೋಡೆಗುಂಟ ಗೋದಲಿ, ಅಂದರೆ ಮೇವು ಹಾಕುವ ತೊಟ್ಟಿ, ಇರುತ್ತಿತ್ತು. ಅಲ್ಲಿಂದ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದ ಪಡಸಾಲೆಯ ಮೇಲೆ ಮನೆಯವರು ಕೂಡುವುದು, ಉಣ್ಣುವುದು, ಮಲಗುವುದು ನಡೆಯುತ್ತಿತ್ತು. ಮನುಷ್ಯ ಮತ್ತು ದನ ಒಂದೇ ಮಣ್ಣಿನ ಮಾಳಿಗೆಯ ಕೆಳಗೆ, ಒಂದೇ ಬಾಗಿಲಿನಿಂದ ಒಳಬಂದು ಬದುಕುವ ಈ ಏರ್ಪಾಟಿನಲ್ಲಿ ಎತ್ತು ನೀರು ಕುಡಿಯಲಿಲ್ಲವೆಂಬುದೂ, ಮೇವು ಬಿಟ್ಟಿತೆಂಬುದೂ ಪಡಸಾಲೆಯಲ್ಲಿ ಕುಳಿತವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಹಗಲಿನಲ್ಲಿ ಊರ ದನಗಳನ್ನು ಒಟ್ಟುಗೂಡಿಸಿ ಮೇಯಲು ಹೊಡೆದುಕೊಂಡು ಹೋಗುವ ದನಗಾಹಿಗೆ ಮನೆಮನೆಯಿಂದ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ಆದ್ದರಿಂದ ದನದ ಹೊಣೆ ಮನೆಯಲ್ಲಿ ಒಡೆಯನದು, ಅಡವಿಯಲ್ಲಿ ದನಗಾಹಿಯದು, ಇವರಿಬ್ಬರ ನಡುವೆ ತಕರಾರು ಬಂದರೆ ತೀರ್ಪು ಚಾವಡಿಯಲ್ಲಿ ಕೂಡುವ ಪಂಚರದು ಎಂಬ ಹಂಚಿಕೆ ರೂಢಿಯಲ್ಲಿಯೇ ನಿಂತಿತ್ತು.

ಕುರಿಗಳ ವಿಷಯದಲ್ಲಿ ಈ ಹಂಚಿಕೆ ಇನ್ನೂ ಸೂಕ್ಷ್ಮವಾಗಿತ್ತು. ಎರೆಭೂಮಿಯ ಒಕ್ಕಲಿಗರು ಬೇಸಿಗೆಯಲ್ಲಿ ಕುರುಬರನ್ನು ಕರೆಸಿ, ಹೊಲದಲ್ಲಿ ಕೆಲವು ರಾತ್ರಿ ಕುರಿ ನಿಲ್ಲಿಸಿಕೊಂಡು, ಗೊಬ್ಬರದ ಆಸೆಗೆ ಅವರಿಗೆ ಕಾಳನ್ನೋ ಹಣವನ್ನೋ ಕೊಡುವುದು ಇಂದಿಗೂ ನಡೆದುಬಂದಿರುವ ಪದ್ಧತಿ. ಅದೇ ಕುರಿ, ಅದೇ ಹೊಲಕ್ಕೆ, ಹಿಂಗಾರಿ ಜೋಳ ಮೊಳಕಾಲೆತ್ತರ ಬೆಳೆದಾಗ ಕಾಲಿಟ್ಟರೆ ಜಗಳಕ್ಕೆ ಮೂಲವಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಹೊಲಗಳೆಲ್ಲ ಮೇಯುವ ಪ್ರಾಣಿಗೆ ತೆರೆದವು, ಬೀಜ ಬಿದ್ದ ದಿನದಿಂದ ರಾಶಿಯಾಗುವವರೆಗೆ ಮುಚ್ಚಿದವು ಎಂಬ ಈ ತಿಳಿವಳಿಕೆಯಲ್ಲಿ ಅಪರಾಧವೆಂಬುದು ಪ್ರಾಣಿಯ ಮೇಲೆ ಹೊರಿಸುವಂಥದಾಗಿರದೆ, ಕಾಲವನ್ನು ಮರೆತ ಮನುಷ್ಯನಿಗೆ ಸೇರಿದ್ದಾಗಿತ್ತು.

ಶಾಸನಗಳ ಕಾಲಕ್ಕೆ ಹೋದರೆ ದನವು ಸಂಪತ್ತಾಗಿಯೂ ಮಾನವಾಗಿಯೂ ಕಾಣಿಸುತ್ತದೆ. ಶತ್ರುಗಳು ಹೊಡೆದುಕೊಂಡು ಹೋದ ಹಸುಗಳನ್ನು ಮರಳಿ ತರುವಾಗ ಸತ್ತವರ ನೆನಪಿಗೆ ನಿಲ್ಲಿಸಿದ ತುರುಗೋಳ್ ವೀರಗಲ್ಲುಗಳು ಕನ್ನಡ ನಾಡಿನ ತುಂಬ ಹರಡಿವೆ; ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪ ತಟ್ಟಲಿ ಎಂಬ ಶಾಪಾಶಯವು ನೂರಾರು ಶಾಸನಗಳ ಕೊನೆಯಲ್ಲಿ ಬರುತ್ತದೆ. ನಾಯಿಗೆ ಇಂಥ ಗೌರವ ಸಿಕ್ಕಿದ್ದು ವಿರಳವಾದರೂ, ಸಿಕ್ಕಲ್ಲಿ ಅದು ಅಸಾಧಾರಣವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಸುಮಾರು ಕ್ರಿ.ಶ. 949-50ರ ಆತಕೂರು ಶಾಸನದ ಪ್ರಕಾರ, ಯುದ್ಧದಲ್ಲಿ ಮೆರೆದ ಮಣಲೆರನು ಗಂಗ ದೊರೆ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತಾಗ, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು, ಮತ್ತು ಆ ಭೂಮಿಯನ್ನು ಅನುಭವಿಸುವ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಬರೆಯಲಾಯಿತು. ಆತಕೂರು ಮಂಡ್ಯದ ಕಡೆಯದಾದರೂ, ಬಾಗಲಕೋಟೆಯ ವಿಷಯದಲ್ಲಿ ಅದು ನೆನಪಾಗುವುದಕ್ಕೆ ಕಾರಣವಿದೆ: ಪ್ರಾಣಿಯ ಮೇಲಿನ ಅಕ್ಕರೆಯನ್ನು ಬಾಯಿಮಾತಿಗೆ ಬಿಡದೆ, ಅದಕ್ಕೊಂದು ಆದಾಯದ ಮೂಲವನ್ನೂ ಒಬ್ಬ ಹೊಣೆಗಾರನನ್ನೂ ತಪ್ಪಿದರೆ ಒಂದು ಶಿಕ್ಷೆಯನ್ನೂ ಗೊತ್ತುಮಾಡಿದ ಕ್ರಮ ಅಲ್ಲಿದೆ, ಮತ್ತು ಮುಂದಿನ ಕಾಯ್ದೆಗಳನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಮನ್ರೋನ ಪಡೆ ಬಾದಾಮಿಯ ಬೆಟ್ಟದ ಕೋಟೆಗಳನ್ನು ಹಿಡಿದ ಮೇಲೆ ಈ ಸೀಮೆ ಕಂಪನಿಯ ಕೈಸೇರಿತು. 1864ರಲ್ಲಿ ಕಲಾದಗಿಯನ್ನು ಮುಖ್ಯಸ್ಥಳವಾಗಿ ಮಾಡಿದ ಹೊಸ ಜಿಲ್ಲೆ ಏರ್ಪಟ್ಟು, 1885ರಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು. ಬ್ರಿಟಿಷ್ ಇಂಡಿಯಾದಲ್ಲಿ ದನಗಳ ಅತಿಕ್ರಮಣದ ಬಗೆಗಿನ ಮೊದಲ ಕಾಯ್ದೆ 1857ರಲ್ಲಿ ಬಂದು, ಅದನ್ನು ಪರಿಷ್ಕರಿಸಿದ 1871ರ ಕಾಯ್ದೆ ಸುಮಾರು ಒಂದು ಶತಮಾನದ ಕಾಲ ಕೊಂಡವಾಡಗಳ ಆಧಾರವಾಗಿ ನಿಂತಿತು. ಭೂಕಂದಾಯದ ಮೇಲೆ ನಿಂತ ಸರ್ಕಾರಕ್ಕೆ ಬೆಳೆಯನ್ನು ಕಾಯುವುದು ಮುಖ್ಯವಾಗಿದ್ದರಿಂದ ಈ ಕಾಯ್ದೆ ಹುಟ್ಟಿತೆಂಬುದರಲ್ಲಿ ಸಂಶಯವಿಲ್ಲ. ಆದರೂ ಅದರ ಕಲಮುಗಳನ್ನು ಒಂದೊಂದಾಗಿ ಓದಿದಾಗ, ಬೆಳೆಯನ್ನು ಕಾಯಲು ಹೊರಟ ಶಾಸನಕಾರರು ಪ್ರಾಣಿಯನ್ನು ಕಾಯುವ ಹಲವು ಏರ್ಪಾಟುಗಳನ್ನೂ ಮಾಡಬೇಕಾಗಿ ಬಂದದ್ದು ಗೋಚರವಾಗುತ್ತದೆ.

ಬೆಳೆ ಹಾಳುಮಾಡುತ್ತಿರುವ ದನವನ್ನು ಹೊಲದವನು ಹಿಡಿಯಬಹುದಿತ್ತು, ಆದರೆ ಅದನ್ನು ತನ್ನ ಮನೆಯಲ್ಲಿ ಕಟ್ಟಿಕೊಳ್ಳುವಂತಿರಲಿಲ್ಲ. 24 ತಾಸಿನೊಳಗೆ ಕೊಂಡವಾಡಕ್ಕೆ ಕಳಿಸಬೇಕಿತ್ತು. ಕೊಂಡವಾಡದ ಮೇಲ್ವಿಚಾರಕನು ಒಂದು ವಹಿಯಲ್ಲಿ ಪ್ರಾಣಿಗಳ ಸಂಖ್ಯೆ ಮತ್ತು ಚಹರೆ, ತಂದ ದಿನ ಮತ್ತು ಹೊತ್ತು, ಹಿಡಿದವನ ಹೆಸರು ಮತ್ತು ವಾಸಸ್ಥಳ, ಗೊತ್ತಿದ್ದರೆ ಒಡೆಯನ ಹೆಸರು ಮತ್ತು ವಾಸಸ್ಥಳ ಇಷ್ಟನ್ನೂ ಬರೆದು, ಅದರ ನಕಲನ್ನು ಹಿಡಿದವನಿಗೆ ಕೊಡಬೇಕಿತ್ತು. ಒಡೆಯ ಬಂದರೆ ದಂಡವನ್ನೂ, ಮೇವು ನೀರಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಹೋಗುತ್ತಿದ್ದ. ಮೂಲ ಕಾಯ್ದೆಯ ದಂಡದ ಪಟ್ಟಿಯಲ್ಲಿ ಆನೆಗೆ 2 ರೂಪಾಯಿ, ಒಂಟೆ ಎಮ್ಮೆಗಳಿಗೆ 8 ಆಣೆ, ಕುದುರೆ ಎತ್ತು ಆಕಳುಗಳಿಗೆ 4 ಆಣೆ, ಕರು ಕತ್ತೆ ಹಂದಿಗಳಿಗೆ 2 ಆಣೆ, ಕುರಿ ಆಡುಗಳಿಗೆ 1 ಆಣೆ ಎಂದಿತ್ತು. ಏಳು ದಿನಗಳಲ್ಲಿ ಯಾರೂ ಬರದಿದ್ದರೆ ಸಮೀಪದ ಪೊಲೀಸ್ ಠಾಣೆಗೆ ವರದಿ ಹೋಗಬೇಕು, ಠಾಣೆಯವರು ನೋಟೀಸು ಅಂಟಿಸಿ, ಪ್ರಾಣಿ ಸಿಕ್ಕ ಊರಿನಲ್ಲಿಯೂ ಹತ್ತಿರದ ಸಂತೆಯಲ್ಲಿಯೂ ಡಂಗುರ ಹೊಡೆಸಬೇಕು, ಆ ಬಳಿಕವೂ ಏಳು ದಿನ ಕಾದು ಹರಾಜು ಹಾಕಬೇಕು. ಹರಾಜಿನಲ್ಲಿ ಪೊಲೀಸರಾಗಲಿ ಕೊಂಡವಾಡದ ಮೇಲ್ವಿಚಾರಕನಾಗಲಿ ನೇರವಾಗಿಯೂ ಮರೆಯಿಂದಲೂ ದನ ಕೊಳ್ಳಕೂಡದೆಂಬ ನಿಷೇಧವಿತ್ತು. ಖರ್ಚು ಕಳೆದು ಉಳಿದ ಹಣವನ್ನು ಮೂರು ತಿಂಗಳು ಠೇವಣಿಯಾಗಿಟ್ಟು ಒಡೆಯನಿಗಾಗಿ ಕಾಯಬೇಕಿತ್ತು. ಅನ್ಯಾಯವಾಗಿ ದನ ಹಿಡಿದವರ ಮೇಲೆ ಹತ್ತು ದಿನಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಲು ಒಡೆಯನಿಗೂ ಹಕ್ಕಿತ್ತು.

ಈ ಕಾಯ್ದೆಯ 27ನೆಯ ಕಲಮು ಎಲ್ಲಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದುದು. ಕೂಡಿಹಾಕಿದ ಪ್ರಾಣಿಗೆ ಸಾಕಷ್ಟು ಮೇವು ನೀರು ಕೊಡದ ಮೇಲ್ವಿಚಾರಕನಿಗೆ 50 ರೂಪಾಯಿಯವರೆಗೆ ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ಎತ್ತಿನ ಒಡೆಯ ತನ್ನ ಉಪೇಕ್ಷೆಗಾಗಿ ತೆರುತ್ತಿದ್ದದ್ದು 4 ಆಣೆ. ಆ ಎತ್ತನ್ನು ಹಸಿವಿನಲ್ಲಿ ಕೆಡವಿದ ಮೇಲ್ವಿಚಾರಕ ತೆರಬೇಕಾಗಿದ್ದದ್ದು ಅದರ 200 ಪಟ್ಟಿನವರೆಗೆ. ಕೂಲಿಯವನ ದಿನದ ಗಳಿಕೆ ಎರಡು ಮೂರು ಆಣೆಗಳ ಆಸುಪಾಸಿನಲ್ಲಿದ್ದ ಕಾಲದಲ್ಲಿ ಇದು ಹೆದರಿಸುವ ಮೊತ್ತವಾಗಿತ್ತು. ಒಂದು ಪ್ರಾಣಿಯನ್ನು ಬಂಧನದಲ್ಲಿಟ್ಟ ಸಂಸ್ಥೆಯ ಹೊಣೆ ಅದನ್ನು ಬೀದಿಗೆ ಬಿಟ್ಟ ಒಡೆಯನ ಹೊಣೆಗಿಂತ ದೊಡ್ಡದು ಎಂಬ ಈ ತತ್ವವನ್ನು ಇಂದಿನ ಯಾವ ಆಶ್ರಯ ಕೇಂದ್ರವೂ ತನ್ನ ಬಾಗಿಲಲ್ಲಿ ಬರೆದುಕೊಳ್ಳಬಹುದು. ವಹಿ, ಮೇವು ನೀರು, ಪ್ರಕಟಣೆ, ಕಾಯುವ ಅವಧಿ, ಸಿಬ್ಬಂದಿಯ ಸ್ವಾರ್ಥಕ್ಕೆ ತಡೆ ಎಂಬ ಈ ಅಂಗಗಳೆಲ್ಲ ಕೂಡಿದಾಗ ಕೊಂಡವಾಡವು, ಕನಿಷ್ಠ ಕಾಗದದ ಮೇಲೆ, ಒಂದು ಸುವ್ಯವಸ್ಥಿತ ಪ್ರಾಣಿ ಆಶ್ರಯದ ಅಸ್ಥಿಪಂಜರವನ್ನು ಹೊಂದಿತ್ತು.

ಕಾಗದದಿಂದ ಊರಿಗೆ ಇಳಿದಾಗ ಅದರ ಮುಖ ಬದಲಾಯಿತು. ಮುಂಬಯಿ ಪ್ರಾಂತದ ಸ್ಥಳೀಯ ನಿಧಿಗಳ, ಅಂದರೆ ರಸ್ತೆ ಶಾಲೆಗಳಿಗೆಂದು ಜಿಲ್ಲೆಯಲ್ಲಿಯೇ ಕೂಡಿಸುವ ಹಣದ, ಲೆಕ್ಕಗಳಲ್ಲಿ ಸುಂಕದ ನಾಕಾ, ಹರಿಗೋಲು ಮತ್ತು ಕಲ್ಲುಗಣಿಗಳ ಜೊತೆಗೆ ಕೊಂಡವಾಡದ ಉತ್ಪನ್ನವೂ ಒಂದು ಬಾಬತ್ತಾಗಿ ನಮೂದಾಗುತ್ತಿತ್ತು. ಆದಾಯದ ಬಾಬತ್ತಾದ ಮೇಲೆ ಅದಕ್ಕೆ ಪ್ರಾಣಿ ಎಷ್ಟು ಬಂದರೆ ಅಷ್ಟು ಲಾಭ, ಮೇವಿಗೆ ಎಷ್ಟು ಕಡಿಮೆ ವೆಚ್ಚವಾದರೆ ಅಷ್ಟು ಉಳಿತಾಯ. ಚಾವಡಿಯ ಪಂಚರೆದುರು ಮಾತಿನಲ್ಲಿ ತೀರುತ್ತಿದ್ದ ತಕರಾರು ದಂಡದ ರಸೀದಿಯಲ್ಲಿ ತೀರತೊಡಗಿದ್ದರಿಂದ, ದನ ಬಿಟ್ಟವನಿಗೂ ಬೆಳೆ ಕಳೆದುಕೊಂಡವನಿಗೂ ನಡುವೆ ಆಗಬೇಕಾದ ಲೆಕ್ಕ ಇಬ್ಬರನ್ನೂ ಬಿಟ್ಟು ಸರ್ಕಾರದ ನಿಧಿಗೆ ಹೋಯಿತು. ದಂಡ ಕಟ್ಟಿದರೆ ಹೊಣೆ ಮುಗಿಯಿತು ಎಂಬ ಭಾವನೆ ಒಡೆತನದೊಳಗೆ ಸೇರಿಕೊಂಡದ್ದು ಈ ಕಾಲದಲ್ಲಿಯೇ ಎಂದು ಹೇಳಿದರೆ ತಪ್ಪಾಗಲಾರದು, ಮತ್ತು ಅದು ಈ ಸಂಸ್ಥೆ ಬಿಟ್ಟುಹೋದ ಕೆಟ್ಟ ಬಳುವಳಿ.

ಕಾಯ್ದೆ ಬಂದು ಐದೇ ವರ್ಷಗಳಲ್ಲಿ ಬಂದ 1876-78ರ ಬರಗಾಲವು ಈ ಎಲ್ಲ ಲೆಕ್ಕಗಳನ್ನು ಅರ್ಥವಿಲ್ಲದಂತೆ ಮಾಡಿತು. ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದಾಗಿದ್ದು, 1872 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಸಿಯಿತು. ಮನುಷ್ಯರೇ ಉಳಿಯದ ಕಡೆ ದನ ಉಳಿಯಲಿಲ್ಲ; ಮೇವಿಲ್ಲದೆ ಹಗ್ಗ ಬಿಚ್ಚಿ ಬಿಟ್ಟ ದನಕ್ಕೆ ನುಗ್ಗಲು ಹಸಿರು ಹೊಲವೇ ಇರಲಿಲ್ಲ. ಈ ಬರದ ಬಳಿಕ ನೇಮಕವಾದ ಆಯೋಗದ 1880ರ ವರದಿಯಿಂದ ರೂಪುಗೊಂಡ ಬರಗಾಲ ಸಂಹಿತೆಗಳು, ಅಂದರೆ ಬರ ಬಂದಾಗ ಅಧಿಕಾರಿಗಳು ಅನುಸರಿಸಬೇಕಾದ ನಿಯಮಾವಳಿಗಳು, ದನಗಳಿಗಾಗಿ ಮೀಸಲು ಅರಣ್ಯಗಳನ್ನು ಮೇವಿಗೆ ತೆರೆಯುವ ವಿಷಯವನ್ನೂ ಒಳಗೊಂಡವು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತೊಂದನೆಯ ಶತಮಾನದ ಬರಗಳಲ್ಲಿಯೂ ಸರ್ಕಾರ ಉತ್ತರ ಕರ್ನಾಟಕದಲ್ಲಿ ತೆರೆದ ತಾತ್ಕಾಲಿಕ ಗೋಶಾಲೆ ಮತ್ತು ಮೇವಿನ ಬ್ಯಾಂಕುಗಳ ಹಿಂದೆ ಈ ಸಂಹಿತೆಗಳ ನೆನಪಿದೆ. ಕೊಂಡವಾಡಕ್ಕೂ ಇವುಗಳಿಗೂ ಇದ್ದ ವ್ಯತ್ಯಾಸ ಮೂಲಭೂತವಾದುದು: ಗೋಶಾಲೆಗೆ ಒಡೆಯ ತಾನಾಗಿಯೇ ದನವನ್ನು ಹೊಡೆದುಕೊಂಡು ಬರುತ್ತಿದ್ದ, ಹಲವು ಸಲ ತಾನೂ ಅಲ್ಲಿಯೇ ಗಿಡದ ನೆರಳಿನಲ್ಲಿ ಉಳಿಯುತ್ತಿದ್ದ, ಮತ್ತು ಅಪರಾಧದ ಮಾತೇ ಬರುತ್ತಿರಲಿಲ್ಲ.

ಕಾಯ್ದೆಯ ಲೆಕ್ಕಕ್ಕೆ ಸಿಗದ ಇನ್ನೊಂದು ಪ್ರಾಣಿ ದೇವರಿಗೆ ಬಿಟ್ಟ ಗೂಳಿ. ಹರಕೆಯಿಂದಲೋ ಸತ್ತವರ ಹೆಸರಿನಲ್ಲೋ ಮೈಮೇಲೆ ಮುದ್ರೆ ಹಾಕಿ ಬಿಟ್ಟ ಹೋರಿಗೆ ನೊಗ ಹೂಡುವಂತಿರಲಿಲ್ಲ. ಅದು ಯಾರ ಹೊಲದಲ್ಲಿ ಬಾಯಿಟ್ಟರೂ ಊರು ಸಹಿಸಿಕೊಳ್ಳುತ್ತಿತ್ತು, ಊರ ಆಕಳುಗಳ ತಳಿ ಅದರಿಂದ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲಹಾಬಾದಿನ ಹೈಕೋರ್ಟು ಇಂಥ ಹೋರಿ ಯಾರ ಸ್ವತ್ತೂ ಅಲ್ಲವಾದ್ದರಿಂದ ಅದನ್ನು ಹೊಡೆದುಕೊಂಡು ಹೋದರೆ ಕಳವಾಗದೆಂದು ತೀರ್ಪಿತ್ತಿತು. ಕಾನೂನಿನ ಕಣ್ಣಿಗೆ ಒಡೆಯನಿಲ್ಲದ್ದಾಗಿ ಕಂಡ ಪ್ರಾಣಿ ಊರಿನ ಕಣ್ಣಿಗೆ ಎಲ್ಲರೂ ಒಡೆಯರಾದ ಪ್ರಾಣಿಯಾಗಿತ್ತೆಂಬುದು ಇಲ್ಲಿ ಮುಖ್ಯ. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯಲು, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಹರಿಯಲು, ಓಡಿಸುವ ಮತ್ತು ಮಣ್ಣೆತ್ತಿನ ಅಮಾವಾಸ್ಯೆಯಂದು ಜೇಡಿಮಣ್ಣಿನ ಎತ್ತುಗಳನ್ನು ಪೂಜಿಸುವ ಇಲ್ಲಿನ ಒಕ್ಕಲು ಸಮುದಾಯದಲ್ಲಿ ಈ ಸಾಮೂಹಿಕ ಒಡೆತನವು ಬರೆದಿಡುವ ಅಗತ್ಯವಿಲ್ಲದಷ್ಟು ಸಹಜವಾಗಿತ್ತು. ಎರೆನೆಲದ ಭಾರದ ಕೆಲಸಕ್ಕೆಂದು ಬೆಳೆಸಿದ ಕೃಷ್ಣಾ ಕಣಿವೆ ತಳಿಯ ದೊಡ್ಡ ಎತ್ತುಗಳೂ, ಚುರುಕು ನಡಿಗೆಯ ಕಿಲಾರಿಗಳೂ ಬನಶಂಕರಿ ಜಾತ್ರೆಯ ದನದ ಪೇಟೆಯಲ್ಲಿ ಕೈಬದಲಾಗುವಾಗ, ಕೊಳ್ಳುವವನು ಹಲ್ಲು, ಸುಳಿ, ಗೊರಸು ನೋಡುವುದರ ಜೊತೆಗೆ ಮಾರುವವನ ಮನೆತನವನ್ನೂ ವಿಚಾರಿಸುತ್ತಿದ್ದುದು ಇದಕ್ಕೆ ಹೊಂದಿಕೊಂಡೇ ಇತ್ತು.

ನಾಯಿಯ ಕಥೆ ಬೇರೆ. 1871ರ ಕಾಯ್ದೆಯಲ್ಲಿ ದನ ಎಂಬುದರ ವ್ಯಾಖ್ಯೆ ಆನೆ ಒಂಟೆಗಳಿಂದ ಹಿಡಿದು ಹಂದಿ, ಕುರಿಮರಿ, ಆಡಿನ ಮರಿಗಳವರೆಗೆ ಹರಡಿಕೊಂಡಿದ್ದರೂ ನಾಯಿ ಅದರಲ್ಲಿಲ್ಲ. ನಾಯಿ ಬೆಳೆ ಮೇಯುವುದಿಲ್ಲ, ಹರಾಜಿನಲ್ಲಿ ಹಣ ತರುವುದಿಲ್ಲ. ಆದ್ದರಿಂದ ಕೊಂಡವಾಡದ ವಹಿ, ಬಾನಿ, ಡಂಗುರ, ಏಳು ದಿನದ ಗಡುವು ಯಾವುದೂ ಅದರ ಪಾಲಿಗೆ ಬರಲಿಲ್ಲ. ಅದು ಬಂದದ್ದು ಪಟ್ಟಣದ ಆರೋಗ್ಯ ಮತ್ತು ಪೊಲೀಸ್ ನಿಯಮಗಳ ಅಡಿಗೆ, ಮತ್ತು ಅಲ್ಲಿ ಅದಕ್ಕೆ ಗೊತ್ತುಮಾಡಿದ ದಾರಿ ಬಹುಮಟ್ಟಿಗೆ ಕೊಲ್ಲುವುದೇ. ಈ ನೀತಿಯ ವಿರುದ್ಧದ ಮೊದಲ ದೊಡ್ಡ ಪ್ರತಿಭಟನೆ ಎದ್ದದ್ದೂ ಪ್ರಾಂತದ ರಾಜಧಾನಿಯಲ್ಲಿಯೇ. 1832ರ ಜೂನ್ ತಿಂಗಳಲ್ಲಿ ಮುಂಬಯಿ ಪೊಲೀಸರು ಬೀದಿನಾಯಿಗಳನ್ನು ಕೊಲ್ಲತೊಡಗಿದಾಗ ಪಾರಸಿಗಳು ಮುಂದಾಗಿ ಗಲಭೆಯೆದ್ದಿತು; 1834ರಲ್ಲಿ ಜಮ್ಶೆಟ್ಜಿ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಚಂದ್ ಅಮಿಚಂದ್ ಇವರ ಮುಂದಾಳುತನದಲ್ಲಿ ಮುಂಬಯಿಯ ಪಾಂಜರಾಪೋಳ, ಅಂದರೆ ಮುದಿ, ಕುಂಟು, ಅನಾಥ ಪ್ರಾಣಿಗಳನ್ನು ಸಾಯುವತನಕ ಸಾಕುವ ಧರ್ಮಾರ್ಥ ಸಂಸ್ಥೆ, ಸ್ಥಾಪನೆಯಾಯಿತು. ಕೊಂಡವಾಡದ ಕಾಯ್ದೆ ಕೃಷ್ಣಾ ಮಲಪ್ರಭೆಗಳ ದಂಡೆಯವರೆಗೆ ಬಂದಿತು. ಪಾಂಜರಾಪೋಳದ ಮಾದರಿಗೆ ದೊಡ್ಡ ವ್ಯಾಪಾರಿ ನಗರ, ದಾನಿಗಳ ಕೂಟ, ವರ್ಷವರ್ಷವೂ ಬರುವ ಲಾಗಾ, ಅಂದರೆ ವರ್ತಕರು ತಮ್ಮ ವಹಿವಾಟಿನ ಮೇಲೆ ತಾವೇ ಹಾಕಿಕೊಂಡ ವಂತಿಗೆ, ಬೇಕಾಗಿದ್ದರಿಂದ ಅದು ಅಷ್ಟು ಸುಲಭವಾಗಿ ಹಳ್ಳಿಗಾಡಿಗೆ ಇಳಿಯುವಂತಿರಲಿಲ್ಲ.

ನಾಯಿಯ ಮೇಲಿನ ಭಯ ಸುಳ್ಳಾದುದೇನೂ ಆಗಿರಲಿಲ್ಲ. ಹುಚ್ಚುನಾಯಿ ಕಚ್ಚಿದವನಿಗೆ ಲಸಿಕೆ ಬೇಕೆಂದರೆ 1900ರಲ್ಲಿ ಆರಂಭವಾದ ಕಸೌಲಿಯ ಸಂಸ್ಥೆಗೋ 1907ರಲ್ಲಿ ಆರಂಭವಾದ ಕೂನೂರಿನ ಸಂಸ್ಥೆಗೋ ಹೋಗಬೇಕಾಗಿದ್ದ ಕಾಲದಲ್ಲಿ ಬಾದಾಮಿಯ ಬಡವನಿಗೆ ಅದು ತಲುಪಲಾಗದ ದೂರವಾಗಿತ್ತು. ಹಾಗಿದ್ದೂ ಹಳ್ಳಿ ನಾಯಿಯನ್ನು ಹೊರಹಾಕಲಿಲ್ಲ. ಕುರಿಹಟ್ಟಿಯ ಕಾವಲಿಗೆ, ಕಣದ ರಾಶಿಗೆ, ಹಿತ್ತಲ ಬಾಗಿಲಿಗೆ ನಾಯಿ ಬೇಕಿತ್ತು. ಮೈಲಾರಲಿಂಗನ ಒಕ್ಕಲಾದ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಯೆಂಬ ಪಾತ್ರೆಯಲ್ಲಿ ಬಾಯಿ ಹಾಕಿ ಉಣ್ಣುವ ಸೇವೆಯಲ್ಲಿ ನಾಯಿಯ ನಿಷ್ಠೆಯೇ ಭಕ್ತಿಯ ರೂಪ ತಾಳಿತ್ತು. ಓಣಿಯ ನಾಯಿಗೆ ಒಬ್ಬ ಒಡೆಯನಿರಲಿಲ್ಲ, ಆದರೆ ಅದಕ್ಕೊಂದು ಓಣಿ ಇತ್ತು, ಮತ್ತು ಉಳಿದ ರೊಟ್ಟಿಯ ಮೇಲೆ ಅದರ ಹಕ್ಕನ್ನು ಆ ಓಣಿ ಒಪ್ಪಿಕೊಂಡಿತ್ತು. ಈ ಒಪ್ಪಿಗೆಗೆ ಮಿತಿಯೂ ಇತ್ತೆಂಬುದನ್ನು ಮರೆಯಬಾರದು: ರೊಟ್ಟಿ ಸಿಗುತ್ತಿತ್ತು, ಗಾಯಕ್ಕೆ ಮದ್ದಾಗಲಿ ಬೇಡದ ಮರಿಗಳಿಗೆ ನೆಲೆಯಾಗಲಿ ಸಿಗುತ್ತಿರಲಿಲ್ಲ.

ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿಯೇ ಮತ್ತೊಂದು ಬಗೆಯ ನಾಯಿ ಬೇರೆಯದೇ ಬದುಕು ಬದುಕಿತು. ಮುಧೋಳದ ಸುತ್ತಲಿನ ಬೇಡರು ಮತ್ತು ಇತರ ಬೇಟೆಗಾರ ಸಮುದಾಯಗಳು ಸಾಕಿಕೊಂಡು ಬಂದ, ಉದ್ದ ಕಾಲಿನ, ಸಣ್ಣ ನಡುವಿನ, ವಾಸನೆಗಿಂತ ನೋಟವನ್ನು ನಂಬಿ ಬೇಟೆಯನ್ನು ಓಡಿಸಿ ಹಿಡಿಯುವ ನಾಯಿಗಳಿಗೆ ಅಲ್ಲಿನ ಸಂಸ್ಥಾನಿಕರಾದ ಘೋರ್ಪಡೆಯವರು ಆಶ್ರಯ ಕೊಟ್ಟರು. 1937ರವರೆಗೆ ಆಳಿದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ದೊರೆ ಐದನೆಯ ಜಾರ್ಜ್‌ನಿಗೆ ಕಾಣಿಕೆಯಾಗಿ ಕೊಟ್ಟದ್ದರಿಂದ ಮುಧೋಳದ ಹೆಸರು ತಳಿಗೆ ಅಂಟಿತೆಂಬುದು ಪ್ರಚಲಿತ ಪರಂಪರೆ. ಆಯುಧ ಮತ್ತು ಬೇಟೆ ಈ ಭಾಗದ ಬೇಡರ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದವೆಂಬುದನ್ನು 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಎದ್ದ ಹಲಗಲಿಯ ದಂಗೆ ತೋರಿಸಿತ್ತು. ಬೇಟೆನಾಯಿಗೆ ಒಡೆಯನಿದ್ದ, ಹೆಸರಿತ್ತು, ಪೀಳಿಗೆಯ ನೆನಪಿತ್ತು, ಜೋಳದ ನುಚ್ಚು ಮತ್ತು ಹಾಲಿನ ಪಾಲು ತಪ್ಪುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದ ಮೇಲೆ ಅದರ ಕಸುಬು ಹೋಗಿ ಹೊಲಮನೆಗಳ ಕಾವಲು ಉಳಿಯಿತು. ಮುಂದೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತೆರೆಯಿತು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಅಂಚೆಚೀಟಿ ತಂದಿತ್ತು, 2016ರಲ್ಲಿ ಇಲ್ಲಿನ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, 2020ರ ಆಗಸ್ಟ್‌ನಲ್ಲಿ ಪ್ರಧಾನಿಯ ಬಾನುಲಿ ಮಾತಿನಲ್ಲಿ ಅದರ ಹೆಸರು ಬಂದಿತು.

ಈ ಕೀರ್ತಿಯೊಡನೆ ಬೇಡಿಕೆ ಏರಿತು, ಮತ್ತು ಹೊಣೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿತು. ಗಾಳಿಯ ವೇಗದಲ್ಲಿ ಮೈಲುಗಟ್ಟಲೆ ಓಡಲು ನೂರಾರು ವರ್ಷ ತಿದ್ದಿದ ದೇಹವನ್ನು ನಗರದ ಎರಡು ಕೋಣೆಗಳಲ್ಲಿ ಕಟ್ಟಿಹಾಕುವುದು ಆ ಪ್ರಾಣಿಗೆ ಮಾಡುವ ಅನ್ಯಾಯ. ಓಟ, ಬಯಲು, ಕೆಲಸ ಇವನ್ನು ಕೊಡಲಾರದವನು ಬೆಲೆ ಕೊಟ್ಟ ಮಾತ್ರಕ್ಕೆ ಅದರ ಒಡೆಯನಾಗುವುದಿಲ್ಲ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳು ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ ಕಟ್ಟುಮಾಡಿವೆ. ದನದ ಪೇಟೆಯಲ್ಲಿ ಹಿಂದೆ ಮಾರುವವನ ಮನೆತನವನ್ನು ವಿಚಾರಿಸುತ್ತಿದ್ದಂತೆ, ಕೊಳ್ಳುವವನ ಯೋಗ್ಯತೆಯನ್ನು ವಿಚಾರಿಸುವ ಕ್ರಮ ಈ ನಿಯಮಗಳಲ್ಲಿ ಸಿಗುವುದು ಕಷ್ಟ.

ಸ್ವಾತಂತ್ರ್ಯದ ಬಳಿಕ ಕಾನೂನಿನ ದೃಷ್ಟಿ ನಿಧಾನವಾಗಿ ಬೆಳೆಯಿಂದ ಪ್ರಾಣಿಯ ಕಡೆಗೆ ತಿರುಗಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನಿಗೂ ಅದರ ಯೋಗಕ್ಷೇಮದ ಕರ್ತವ್ಯವನ್ನು ವಿಧಿಸಿ, ಅನ್ನ ನೀರು ನೆಲೆ ಕೊಡದಿರುವುದನ್ನೂ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಅದನ್ನು ಬಿಟ್ಟುಬಿಡುವುದನ್ನೂ ಅಪರಾಧವೆಂದು ಕರೆಯಿತು. ಆದರೆ ಮೊದಲ ಸಲದ ತಪ್ಪಿಗೆ ಅದು ಗೊತ್ತುಮಾಡಿದ ದಂಡ ಹೆಚ್ಚೆಂದರೆ 50 ರೂಪಾಯಿ. 1871ರಲ್ಲಿ ಕೊಂಡವಾಡದ ಮೇಲ್ವಿಚಾರಕನಿಗೆ ವಿಧಿಸಿದ್ದ ಗರಿಷ್ಠ ದಂಡವೇ 89 ವರ್ಷಗಳ ಬಳಿಕದ ಕಾಯ್ದೆಯಲ್ಲಿಯೂ ಗರಿಷ್ಠವಾಗಿ ನಿಂತಿತು, ಮತ್ತು ರೂಪಾಯಿಯ ಬೆಲೆ ಎಷ್ಟೇ ಕರಗಿದರೂ ಈ ಅಂಕಿ ದಶಕಗಟ್ಟಲೆ ಹಾಗೆಯೇ ಉಳಿಯಿತು. ಪ್ರಾಣಿಯ ಬಗೆಗಿನ ಮಾತು ಹಿರಿದಾಗುತ್ತ ಬಂದು ಶಿಕ್ಷೆ ಕಿರಿದಾಗುತ್ತ ಹೋದ ಈ ವಿಪರ್ಯಾಸವು ನಿಜಕ್ಕೂ ನೋವಿನದು.

ಏಕೀಕರಣದ ನಂತರ ಮೈಸೂರು ರಾಜ್ಯವು 1966ರಲ್ಲಿ ತನ್ನದೇ ದನಗಳ ಅತಿಕ್ರಮಣ ಕಾಯ್ದೆಯನ್ನು ಮಾಡಿ ಕೊಂಡವಾಡಗಳನ್ನು ಮುಂದುವರಿಸಿದರೂ, ಅವುಗಳ ಕಾಲ ಕಳೆಯುತ್ತ ಬಂದಿತ್ತು. ಟ್ರ್ಯಾಕ್ಟರು ಬಂದು ಎತ್ತಿನ ಜೋಡಿಗಳು ಕಡಿಮೆಯಾದವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ಹಲವು ಹಳ್ಳಿಗಳೂ ಜಾಗ ಬಿಟ್ಟಾಗ, ಗೋದಲಿಯಿದ್ದ ಮಾಳಿಗೆ ಮನೆಗಳ ಬದಲು ಸೆಕ್ಟರುಗಳಾಗಿ ಹಂಚಿದ ನವನಗರದ ನಿವೇಶನಗಳು ಬಂದವು. ಮನೆಯೊಳಗೆ ದನಕ್ಕೆ ಅಂಕಣವಿಲ್ಲದ ಮೇಲೆ ಹಾಲು ಹಿಂಡಿ ಹಗಲಿಗೆ ಬೀದಿಗೆ ಬಿಡುವ ಪದ್ಧತಿ ಪಟ್ಟಣಗಳಲ್ಲಿ ಸಾಮಾನ್ಯವಾಗುತ್ತದೆ, ಮತ್ತು ಅಲ್ಲಿ ದನ ಮೇಯುವುದು ಪ್ಲಾಸ್ಟಿಕ್ಕು ಬೆರೆತ ಕಸವನ್ನು. ಈಚಿನ ವರ್ಷಗಳಲ್ಲಿ ಕಾಲುಬಾಯಿ ರೋಗದ ಲಸಿಕೆಯ ಜೊತೆಗೆ ದನಗಳ ಕಿವಿಗೆ ಹಾಕುತ್ತಿರುವ 12 ಅಂಕಿಗಳ ಹಳದಿ ಬಿಲ್ಲೆಯು ಒಡೆಯನ ಹೆಸರಿನೊಡನೆ ದಾಖಲಾಗುವುದರಿಂದ, ಗೊತ್ತಿದ್ದರೆ ಬರೆಯಬೇಕೆಂದಿದ್ದ ಹಳೆಯ ವಹಿಯ ಕಾಲಂ ಈಗ ಪ್ರಾಣಿಯ ಕಿವಿಯಲ್ಲಿಯೇ ತುಂಬಿಬರುತ್ತದೆ. ಬಿಲ್ಲೆ ಓದಿ ಒಡೆಯನನ್ನು ಕರೆಸುವ ಬಾಗಿಲೊಂದು ಇರಬೇಕಾದ್ದು ಮಾತ್ರ ಬಾಕಿ.

ಪ್ರತಿ ಜಿಲ್ಲೆಯಲ್ಲಿಯೂ ಪ್ರಾಣಿ ದಯಾ ಸಂಘವಿರಬೇಕು, ಅದಕ್ಕೆ ಚಿಕಿತ್ಸಾಲಯವೂ ಆಶ್ರಯ ಸ್ಥಳವೂ ಇರಬೇಕು ಎಂದು 2001ರ ನಿಯಮಗಳು ಹೇಳಿದವು. ಅದೇ ವರ್ಷದ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಕೊಲ್ಲುವ ನೀತಿಯನ್ನು ಬದಿಗಿಟ್ಟು, ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮತ್ತು ಹುಚ್ಚಿನ ಲಸಿಕೆ ಕೊಟ್ಟು, ಕಿವಿಯ ಅಂಚು ಕತ್ತರಿಸಿ ಗುರುತು ಮಾಡಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂದವು. 1871ರ ಪಟ್ಟಿಯಲ್ಲಿ ಸೇರದೆ ಹೋಗಿದ್ದ ನಾಯಿಗೆ ವಹಿಯೂ ಆರೈಕೆಯೂ ಮರಳಿ ಹೋಗುವ ಹಕ್ಕೂ ಸಿಕ್ಕದ್ದು ಹೀಗೆ, 130 ವರ್ಷ ತಡವಾಗಿ. 2023ರ ಪರಿಷ್ಕೃತ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿನಾಯಿಯನ್ನು ಸಮುದಾಯದ ಪ್ರಾಣಿ ಎಂದು ಕರೆದು, ಅದಕ್ಕೆ ಆಹಾರ ಹಾಕುವ ಏರ್ಪಾಟನ್ನು ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಮಾಲೀಕರ ಸಂಘ ಅಥವಾ ಆ ಪ್ರದೇಶದ ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿದವು. ಮಹಾನಗರವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಈ ಸಾಲನ್ನು ಇಳಕಲ್ಲಿನ ನೇಕಾರರ ಓಣಿಯಲ್ಲಿ, ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ, ಹುನಗುಂದದ ಸಂತೆಯ ಬಯಲಿನಲ್ಲಿ ಜಾರಿಗೆ ತರುವಾಗ ಅಪಾರ್ಟ್‌ಮೆಂಟಿನ ಸಂಘ ಸಿಗುವುದಿಲ್ಲ. ಸಿಗುವುದು ದೈವದ, ಅಂದರೆ ಊರ ಸಮುದಾಯದ, ಪಂಚರು, ಯುವಕ ಮಂಡಳಿ, ಮಹಿಳಾ ಸಂಘ ಮತ್ತು ಪುರಸಭೆಯ ವಾರ್ಡಿನ ಸದಸ್ಯ. ಯಾವ ಓಣಿಯ ಯಾವ ನಾಯಿಗೆ ಲಸಿಕೆ ಆಗಿದೆ, ಅದರ ಅನ್ನ ನೀರಿಗೆ ಯಾರು ಒಪ್ಪಿಕೊಂಡಿದ್ದಾರೆ ಎಂಬುದನ್ನು ಇವರ ಹೆಸರಿನೊಡನೆ ಬರೆದಿಡುವ ವಹಿಯನ್ನು ಪುರಸಭೆ ತೆರೆಯಬಹುದು. ಅದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ, ಮತ್ತು ಅದರ ಕಾಲಂಗಳನ್ನು ಹೇಗೆ ಹಾಕಬೇಕೆಂಬುದು ಈ ಸೀಮೆಯ ಚಾವಡಿಗಳಿಗೆ ಒಂದೂವರೆ ಶತಮಾನದಿಂದ ತಿಳಿದಿದೆ.